ಮುದಿ ಮೊಲದ ಕೂದ್ಲು, ಹಲ್ಲು, ಹಿಕ್ಕೆ: ಪದೇ ಪದೇ ಕೇಳೂ ಪ್ರಶ್ನೆಗಳು

ಶಿರಸಿ ಕಡೆ ಮೊಲ ಸಾಕಿದವ್ರೇ ಕಮ್ಮಿ, ಸಾಕಿ ಎಂಟು ವರ್ಷ ಉಳಿಸ್ಕೊಂಡವ್ರು ಇನ್ನೂ ಕಮ್ಮಿ, ಹಂಗಾಗಿ ಯಾರ ಮನೆಲಿ ಮೊಲದ ಕೂದ್ಲು ಉದುರಿದ್ರೂ ಫೋನ್ ನಮ್ಮನೆಗೆ. ಕೇಳೂದೆಲ್ಲ ಹೆಚ್ಚುಕಮ್ಮಿ ಅದೇ ಪ್ರಶ್ನೆ, ಅದಕ್ಕೇ ಒಂದ್ಸಲ ಕೂತು ಬರ್ದು ಹಾಕ್ತಾ ಇದೀನಿ. ನಾ ಡಾಕ್ಟ್ರಲ್ಲ. ನಮ್ಮ ಮೊಲದ ಹೆಸ್ರು ಗುಂಡ, ಆದ್ರೆ ಹೆಣ್ಣು, ಅಂಗಡಿಲಿ ಗಂಡು ಅಂತ ಹೇಳಿ ಕೊಟ್ಟಿದ್ರು, ಗೊತ್ತಾಗೂ ಹೊತ್ತಿಗೆ ಹೆಸ್ರು ಕೂತ್ಬಿಟ್ಟಿತ್ತು. ಮೊದ್ಲ ಐದು ವರ್ಷ ಕಾರವಾರದ ಬಾಡಿಗೆ ಮನೆಲಿ ಇತ್ತು, ಈಗ ಶಿರಸಿಲಿ ನಮ್ ಜೊತೆಗೇ ಇದೆ.

ನಮ್ಮ ಮೊಲಕ್ಕೆ ಆರು ವರ್ಷ. ಇದು ಮುದಿ ಆಯ್ತಾ?

ಆಯ್ತು ಅಂತ್ಲೇ ಲೆಕ್ಕ ಹಾಕಿ. ಮನೆಯೊಳಗೆ ಚೆನ್ನಾಗಿ ನೋಡ್ಕೊಂಡ ಮೊಲ 8ರಿಂದ 12 ವರ್ಷ ಬದುಕ್ತದೆ, 5-6 ದಾಟ್ತು ಅಂದ್ರೆ ಇಳಿವಯಸ್ಸು, ದೊಡ್ಡ ಜಾತಿದಾದ್ರೆ ಇನ್ನೂ ಸ್ವಲ್ಪ ಬೇಗ. ನಮ್ಮಲ್ಲಿ ಎಷ್ಟೋ ಜನ ಮೊಲ ಅಂದ್ರೆ ಎರಡು ಮೂರು ವರ್ಷದ ಪ್ರಾಣಿ ಅಂದ್ಕೊಂಡಿದಾರೆ, ಯಾಕಂದ್ರೆ ಅಷ್ಟರೊಳಗೆ ನಾಯಿನೋ ಸೆಖೆನೋ ಬೇದಿನೋ ಅದನ್ನ ತಗೊಂಡು ಹೋಗಿರ್ತದೆ, ಮುದಿ ಮೊಲ ನೋಡಿದವ್ರೇ ಇಲ್ಲ.

ಕೈ ಹಾಕಿದ್ರೆ ಮುಷ್ಟಿಗಟ್ಲೆ ಕೂದ್ಲು ಬರ್ತದೆ. ಹೆದ್ರಬೇಕಾ?

ಕೂದ್ಲು ಕಿತ್ತು ಬಂದ ಜಾಗ ಮೊದ್ಲು ನೋಡಿ. ಊದಿ, ಬೆರಳಲ್ಲಿ ಬಿಡಿಸಿ ನೋಡಿ. ಅಡಿಲಿ ಹೊಸ ಸಣ್ಣ ಕೂದ್ಲು ಹುಟ್ತಾ ಇದ್ರೆ, ಚರ್ಮ ಕೆಂಪಾಗ್ದೆ, ಹಕ್ಕಳೆ ಹೊಟ್ಟು ಇಲ್ದೆ ಸ್ವಚ್ಛ ಇದ್ರೆ ಅದು ಪೊರೆ ಕಳಚೂ ಥರದ್ದೇ ಒಂದು ಬದಲಾವಣೆ, ಅಷ್ಟೇಯ. ಸಾಮಾನ್ಯವಾಗಿ ತಲೆಯಿಂದ ಶುರುವಾಗಿ ಕುತ್ತಿಗೆ, ಬೆನ್ನು, ಕೊನೆಗೆ ಹೊಟ್ಟೆ ಕಡೆ ಸರೀತದೆ, ಹಳೇದಕ್ಕೂ ಹೊಸದಕ್ಕೂ ಮಧ್ಯ ಗೆರೆ ಎಳದಂಗೆ ಕಾಣ್ತದೆ, ಎರಡು ವಾರದಿಂದ ಆರು ವಾರದ ತನಕ ನಡೀತದೆ. ಕೆಲವು ಕಡೆ ಚರ್ಮ ನೀಲಿಗಪ್ಪು ಕಂಡ್ರೂ ಗಾಬರಿ ಬೇಡ, ಹೊಸ ಕೂದ್ಲು ಬೇರು ಬಿಡೂ ಜಾಗ ಹಂಗೇ ಕಾಣೂದು.

ಅಡಿಲಿ ಹೊಸ ಕೂದ್ಲೇ ಇಲ್ಲ, ಬೋಳು, ಅಥವಾ ಕೆಂಪು, ಒದ್ದೆ, ಹೊಟ್ಟು, ಅಥವಾ ಮೊಲ ಅದೇ ಜಾಗ ಕೆರ್ಕೊಂಡೇ ಇರ್ತದೆ, ಹಂಗಿದ್ರೆ ಸಹಜ ಅಲ್ಲ. ಬೋಳು ಎಲ್ಲಿ ಆಗಿದೆ ಅನ್ನೂದೇ ಅರ್ಧ ಉತ್ರ ಕೊಡ್ತದೆ. ಗದ್ದದ ಕೆಳಗೆ ಆದ್ರೆ ಜೊಲ್ಲು, ಅಂದ್ರೆ ಹಲ್ಲು. ಕಣ್ಣಿನ ಕೆಳಗೆ ಆದ್ರೆ ನೀರು ಸುರಿಯೂದು, ಅದಕ್ಕೂ ಎಷ್ಟೋ ಸಲ ಹಲ್ಲಿನ ಬೇರೇ ಕಾರಣ. ಹಿಂದಿನ ಪಾದದ ಅಡಿಲಿ ಆದ್ರೆ ತಂತಿ ನೆಲ ಅಥವಾ ಗಟ್ಟಿ ನೆಲ. ಬಾಲದ ಕೆಳಗೆ ತೊಡೆಸಂದಿಲಿ ಆದ್ರೆ ಮೂತ್ರ ಸುಟ್ಟದ್ದು. ಕಿವಿ ಒಳಗೆ ಕಂದು ಬಣ್ಣದ ಹಪ್ಪಳದ ಥರ ಹಕ್ಕಳೆ ಕಟ್ಟಿದ್ರೆ ಕಿವಿ ಹುಳ, ಅದನ್ನ ಮಾತ್ರ ಕಿತ್ತು ತೆಗಿಬೇಡಿ, ಭಯಂಕರ ನೋಯ್ತದೆ, ಔಷಧಿ ಬಿದ್ದ ಮೇಲೆ ತಾನೇ ಉದುರ್ತದೆ.

ವರ್ಷಕ್ಕೆ ಎರಡೇ ಸಲ ಅಂತಾರೆ, ನಮ್ಮದು ವರ್ಷಪೂರ್ತಿ ಉದುರಿಸ್ತದೆ?

ಎರಡು ದೊಡ್ಡ ಸಲ, ಮಧ್ಯ ಮಧ್ಯ ಸಣ್ಣದು, ಇದು ಚಳಿದೇಶದ ಲೆಕ್ಕ. ಸಾಕುಮೊಲದ ಮೂಲ ಯುರೋಪು, ಸ್ಪೇನ್ ಪೋರ್ಚುಗಲ್ ಕಡೇದು, ಅದರ ಮೈಗೆ ಕೂದ್ಲು ಬದ್ಲಿಸೂ ಸೂಚನೆ ಸಿಗೂದು ಮುಖ್ಯವಾಗಿ ಹಗಲಿನ ಉದ್ದದಿಂದ, ಆಮೇಲೆ ಸೆಖೆ ಚಳಿಯಿಂದ. ಲಂಡನ್ನಲ್ಲಿ ಬೇಸಿಗೆ ಹಗಲು 16 ಗಂಟೆ ಮೇಲೆ, ಚಳಿಗಾಲದಲ್ಲಿ 8 ಗಂಟೆಗೂ ಕಮ್ಮಿ. ನಮ್ಮ ಶಿರಸಿ ಕಾರವಾರದಲ್ಲಿ ಜೂನ್ ತಿಂಗಳ ಹಗಲು ಹತ್ತತ್ರ 13 ಗಂಟೆ, ಡಿಸೆಂಬರಿದು 11 ಗಂಟೆ ಚಿಲ್ಲರೆ, ಎರಡು ಗಂಟೆ ವ್ಯತ್ಯಾಸನೂ ಇಲ್ಲ. ಅದ್ರ ಮೇಲೆ ನಾವು ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್ ಉರ್ಸ್ತೀವಿ. ಪಾಪ ಅದಕ್ಕೆ ಯಾವ ಕಾಲ ಅಂತ ಗೊತ್ತಾಗೂದಾದ್ರೂ ಹ್ಯಾಗೆ, ಹಂಗಾಗಿ ಸ್ವಲ್ಪ ಸ್ವಲ್ಪ ವರ್ಷಪೂರ್ತಿ ಉದುರಿಸ್ತದೆ. ನಮ್ಮನೆದು ಶಿವರಾತ್ರಿ ಹೊತ್ತಿಗೆ ಒಂದ್ಸಲ ಜೋರು, ಮಳೆ ಬಿಟ್ಟ ಮೇಲೆ ಇನ್ನೊಂದ್ಸಲ, ಉಳಿದಂತೆ ದಿನಾ ಒಂದು ಚಿಟಿಕೆ.

ಮೊದ್ಲು ಇಷ್ಟು ಗುಪ್ಪೆ ಕಟ್ತಿರ್ಲಿಲ್ಲ, ವಯಸ್ಸಾದ ಮೇಲೇ ಯಾಕೆ?

ವಯಸ್ಸಾಯ್ತು ಅಂತ ಕೂದ್ಲು ಜಾಸ್ತಿ ಉದುರ್ತದೆ ಅಂತ ಎಲ್ಲರೂ ಅಂದ್ಕೊಳ್ತಾರೆ, ಬಹಳ ಸಲ ಉದುರೂದು ಮೊದ್ಲಿನಷ್ಟೇ ಇರ್ತದೆ, ನೆಕ್ಕಿ ಸ್ವಚ್ಛ ಮಾಡ್ಕೊಳ್ಳೂದು ಕಮ್ಮಿ ಆಗಿರ್ತದೆ. ಎಳೇ ಮೊಲ ದಿನಕ್ಕೆ ಎಷ್ಟೋ ಹೊತ್ತು ಮೈ ನೆಕ್ತಾ ಕೂರ್ತದೆ. ಮುದಿ ಮೊಲಕ್ಕೆ ಸೊಂಟ ತಿರುಗ್ಸೂಕೆ ಆಗೂದಿಲ್ಲ, ಗಂಟು ನೋವು, ಬೆನ್ನುಮೂಳೆ ಸವೆತ, ಬಾಯಿ ನೋವು, ದಪ್ಪ ಆಗಿದ್ರೆ ಅದೂ ಒಂದು. ಹಂಗಾಗಿ ಬೆನ್ನಿನ ಹಿಂದೆ, ಸೊಂಟದ ಮೇಲೆ, ಬಾಲದ ಹತ್ರ ಕೂದ್ಲು ಅಂಟ್ಕೊಂಡೇ ಉಳೀತದೆ. ಅದನ್ನ ನೋಡಿ ನಾವು ಉದುರ್ತಾ ಇದೆ ಅಂತೀವಿ.

ನಾ ತಪ್ಪಿದ್ದು ಇಲ್ಲೇಯ. ಗುಂಡಂಗೆ ಏಳನೇ ವರ್ಷ, ಸೊಂಟದ ಮೇಲೆ ಹತ್ತಿ ಉಂಡೆ ಥರ ಗುಪ್ಪೆ, ಮೂರು ವಾರ ದಿನಾ ಬಾಚಿದೆ, ಬಾಚ್ದಷ್ಟೂ ಬರೂದು, ಸರಿ ಕೂದ್ಲು ಬದ್ಲಿಸ್ತಾ ಇದೆ ಅಂತ ನನ್ನಷ್ಟಕ್ಕೆ ಸಮಾಧಾನ. ಒಂದಿನ ಎತ್ತಿಕೊಂಡಾಗ ಗದ್ದ ಒದ್ದೆ. ಆಮೇಲೆ ನೆನಪಾಯ್ತು, ಹುಲ್ಲು ಬಿಟ್ಟು ಮೆತ್ತನೆ ಸೊಪ್ಪು ಮಾತ್ರ ತಿಂತಾ ಇತ್ತು, ನಾವು ಅದನ್ನ ಸೊಕ್ಕು ಅಂತ ಬೈದಿದ್ವಿ. ಒಳದವಡೆ ಹಲ್ಲಿನ ಅಂಚು ಚೂಪಾಗಿ ಬೆಳೆದು ನಾಲಿಗೆ ಗೀರ್ತಾ ಇತ್ತಂತೆ. ಹಲ್ಲು ತೇಯ್ಸಿ ವಾರ ಕಳೆಯೂದ್ರೊಳಗೆ ಮೈ ನೆಕ್ಕೂಕೆ ಶುರು ಮಾಡ್ತು, ಗುಪ್ಪೆನೂ ಹೋಯ್ತು. ಮೂರು ವಾರ ನಾ ಬಾಚ್ತಾ ಇದ್ದದ್ದು ಹಲ್ಲುನೋವನ್ನ!

ಅದಕ್ಕೇ ಮೊಲದ ಕೂದ್ಲು ಅಂತ ಯಾರು ಫೋನ್ ಮಾಡಿದ್ರೂ ನಾ ಮೊದ್ಲು ಕೇಳೂದು ಹುಲ್ಲು ತಿಂತದಾ, ಹಿಕ್ಕೆ ಹ್ಯಾಗಿದೆ, ತೂಕ ಎಷ್ಟು ಅಂತ. ಕೂದ್ಲಿನ ಸುದ್ದಿ ಆಮೇಲೆ.

ಹಲ್ಲು ನಾವೇ ನೋಡ್ಬಹುದಾ?

ಮುಂದಿನ ಹಲ್ಲು ತುಟಿ ಎತ್ತಿ ನೋಡ್ಬಹುದು, ದವಡೆ ಹಲ್ಲು ನಮಗೆ ಕಾಣೂದಿಲ್ಲ, ಡಾಕ್ಟ್ರು ಉಪಕರಣ ಹಾಕಿ ನೋಡ್ಬೇಕು. ಮೊಲದ ಹಲ್ಲು ಸಾಯೂ ತನಕ ಬೆಳೀತಾನೇ ಇರ್ತದೆ, ಮುಂದಿನ ಹಲ್ಲು ವಾರಕ್ಕೆ 2-3 ಮಿ.ಮೀ. ಹುಲ್ಲು ಅಗಿದು ಅಗಿದು ಸವೆಯೂದೇ ಅದಕ್ಕಿರೂ ದಾರಿ. ನೇಲ್ ಕಟರ್‌ನಲ್ಲಿ ಹಲ್ಲು ಕತ್ತರಿಸಿದ ಜನ ನನಗೆ ಗೊತ್ತು, ದಯವಿಟ್ಟು ಬೇಡ, ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ಹಿಡೀತದೆ.

ನೆಕ್ಕಿದ ಕೂದ್ಲು ಹೊಟ್ಟೇಲಿ ಉಂಡೆ ಕಟ್ತದಂತಲ್ಲ, ಅನಾನಸ್ ರಸ ಕೊಡ್ಬೇಕಾ?

ಬನವಾಸಿ ಕಡೆ ಅನಾನಸ್ ಬೇಕಾದಷ್ಟು ಬೆಳೀತಾರೆ, ಹಂಗಾಗಿ ಈ ಪ್ರಶ್ನೆ ತಪ್ಪೂದೇ ಇಲ್ಲ. ಅನಾನಸ್ಸಲ್ಲಿ ಪರಂಗಿಲಿ ಇರೂ ಕಿಣ್ವ ಕೂದ್ಲನ್ನ ಕರಗ್ಸೂದಿಲ್ಲ. ಮೊಲದ ಹೊಟ್ಟೇಲಿ ಯಾವಾಗ್ಲೂ ಸ್ವಲ್ಪ ಕೂದ್ಲು ಇರ್ತದೆ, ಬೆಕ್ಕಿನ ಹಂಗೆ ವಾಂತಿ ಮಾಡೂಕೆ ಅದಕ್ಕೆ ಬರೂದಿಲ್ಲ, ಹುಲ್ಲಿನ ನಾರಿನ ಜೊತೆ ಹಿಂದಿನಿಂದ ಹೋಗ್ಬೇಕು. ನಾರು ಕಮ್ಮಿ, ನೀರು ಕಮ್ಮಿ, ಎಲ್ಲೋ ನೋವು, ಹೆದರಿಕೆ, ಇವು ಯಾವ್ದಾದ್ರೂ ಒಂದು ಕರುಳಿನ ಚಲನೆ ನಿಲ್ಲಿಸ್ತದೆ, ಆಮೇಲೆ ಒಳಗಿದ್ದದ್ದು ಒಣಗಿ ಉಂಡೆ ಆಗ್ತದೆ. ಹೆಚ್ಚಿನ ಸಲ ಉಂಡೆಯಿಂದ ಕರುಳು ನಿಂತದ್ದಲ್ಲ, ಕರುಳು ನಿಂತು ಉಂಡೆ ಆದದ್ದು. ರಸದಲ್ಲಿರೂ ಸಕ್ಕರೆ ಹೊಟ್ಟೇಲಿ ಗ್ಯಾಸ್ ಮಾಡಿ ಇನ್ನೂ ಕೆಡಿಸ್ತದೆ.

ಇದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ: ಹನ್ನೆರಡು ಗಂಟೆ ಮೊಲ ಏನೂ ತಿನ್ಲಿಲ್ಲ, ಹಿಕ್ಕೆ ಹಾಕ್ಲಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ನಾಳೆ ನೋಡೂಣ ಅನ್ನೂ ಕೇಸಲ್ಲ. ಮೂಲೆಲಿ ಮುದುಡಿ ಕೂತು ಹಲ್ಲು ಕಡೀತಾ ಇದ್ರೆ ಹನ್ನೆರಡು ಗಂಟೆನೂ ಕಾಯ್ಬೇಡಿ. ಹೊಟ್ಟೆ ಡೋಲಿನ ಥರ ಬಿಗಿದಿದ್ರೆ ಸಿರಿಂಜಲ್ಲಿ ಏನೂ ತುರುಕ್ಬೇಡಿ, ನೇರ ಡಾಕ್ಟ್ರ ಹತ್ರ.

ಹಿಕ್ಕೆ ಹ್ಯಾಗಿರ್ಬೇಕು?

ಕಡ್ಲೆಕಾಳಿನ ಅಳತೆ, ದುಂಡಗೆ, ಒಡೆದ್ರೆ ಒಳಗೆ ಬರೀ ಹುಲ್ಲಿನ ಪುಡಿ. ಕೂದ್ಲಲ್ಲಿ ಪೋಣಿಸಿದ ಮಾಲೆ ಥರ ಬಂದ್ರೆ ಕೂದ್ಲು ಜಾಸ್ತಿ ಹೋಗ್ತಾ ಇದೆ, ಬಾಚೂದು ಜಾಸ್ತಿ ಮಾಡಿ, ಹುಲ್ಲು ನೀರು ಜಾಸ್ತಿ ಕೊಡಿ. ಸಣ್ಣದಾಗ್ತಾ, ಗಟ್ಟಿಯಾಗ್ತಾ, ಕಮ್ಮಿಯಾಗ್ತಾ ಹೋದ್ರೆ ಕರುಳು ನಿಧಾನ ಆಗ್ತಾ ಇದೆ. ಇನ್ನೊಂದು ಜಾತಿದು ಇದೆ, ಮೆತ್ತಗೆ, ಹೊಳೀತಾ, ದ್ರಾಕ್ಷಿ ಗೊಂಚಲಿನ ಹಂಗೆ, ಅದನ್ನ ಮೊಲ ನೇರ ಬಾಯಿ ಹಾಕಿ ತಿಂತದೆ, ಅಸಹ್ಯ ಪಡ್ಬೇಡಿ, ಅದ್ರಲ್ಲೇ ಅದಕ್ಕೆ ಬಿ ವಿಟಮಿನ್ನು ಪ್ರೊಟೀನು ಸಿಗೂದು. ಮುದಿ ಮೊಲಕ್ಕೆ ಬಗ್ಗೂಕೆ ಆಗ್ದೆ ಅದು ಹಿಂದೆ ಅಂಟ್ಕೊಂಡು ಉಳಿದಿದ್ರೆ ಗಂಟು ನೋವು ಶುರುವಾಗಿದೆ ಅಂತ ತಿಳ್ಕೊಳ್ಳಿ.

ಬಾಚೂದು ಹ್ಯಾಗೆ? ಸ್ನಾನ ಮಾಡ್ಸಬಹುದಾ?

ಸ್ನಾನ ಬೇಡ. ಹೆದರಿಕೆಗೇ ಸತ್ತದ್ದು ಇದೆ, ಆ ದಟ್ಟ ಕೂದ್ಲು ಮಳೆಗಾಲದಲ್ಲಿ ಒಣಗೂದೂ ಇಲ್ಲ. ಹಿಂಭಾಗ ಗಲೀಜಾದ್ರೆ ಅಷ್ಟೇ ಜಾಗ ಉಗುರು ಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ.

ಬಾಚೂಕೆ ದುಬಾರಿ ಬ್ರಶ್ ಎಂತದೂ ಬೇಡ. ಕೈ ಸ್ವಲ್ಪ ಒದ್ದೆ ಮಾಡ್ಕೊಂಡು ಬಾಲದ ಕಡೆಯಿಂದ ತಲೆ ಕಡೆ, ಮತ್ತೆ ತಲೆಯಿಂದ ಬಾಲದ ಕಡೆ ಸವರಿದ್ರೆ ಅರ್ಧ ಕೂದ್ಲು ಅಂಗೈಗೇ ಬರ್ತದೆ. ಆಮೇಲೆ ಹೇನಿನ ಹಣಿಗೆ, ಮೆಲ್ಲಕೆ. ಎದ್ದು ನಿಂತ ಗುಪ್ಪೆ ಬೆರಳಲ್ಲಿ ಎಳೆದ್ರೆ ತಾನಾಗೇ ಬರೂದಾದ್ರೆ ಬರ್ಲಿ, ಬರ್ಲಿಲ್ಲ ಅಂದ್ರೆ ಎಳೀಬೇಡಿ. ಮೊಲದ ಚರ್ಮ ಹಪ್ಪಳ ಥರ ತೆಳು, ನಾಯಿಗೆ ಹಾಕೂ ತಂತಿ ಹಲ್ಲಿನ ಬ್ರಶ್ ಹಾಕಿದ್ರೆ ಹರೀತದೆ. ಗಂಟು ಬಿದ್ದ ಕಡೆ ಕತ್ತರಿ ಹಾಕೂ ಮುಂಚೆ ಚರ್ಮ ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ಹತ್ತು ನಿಮಿಷ ಸಾಕು, ಮುದಿ ಸೊಂಟ ಜಾಸ್ತಿ ಹೊತ್ತು ತಡೆಯೂದಿಲ್ಲ. ಬೆನ್ನ ಮೇಲೆ ಅಂಗಾತ ಮಲಗ್ಸಬೇಡಿ, ಸುಮ್ಮನಿದೆ ಅಂದ್ರೆ ಆರಾಮಿದೆ ಅಂತಲ್ಲ, ಹೆದರಿ ಮರಗಟ್ಟಿರ್ತದೆ.

ಬೆನ್ನ ಮೇಲೆ ಬಿಳಿ ಹೊಟ್ಟು ಉದುರ್ತಾ ಇದೆ.

ಕಪ್ಪು ಬಟ್ಟೆ ಮೇಲೆ ಬಾಚಿ, ಐದು ನಿಮಿಷ ನೋಡಿ. ಹೊಟ್ಟು ನಡೆದಾಡಿದ್ರೆ ಅದು ತುಪ್ಪಳದ ಹುಳ. ಆರೋಗ್ಯವಂತ ಮೊಲದಲ್ಲಿ ಇದು ಸುಮ್ಮನೆ ಇರ್ತದೆ, ಮುದಿಯಾಗಿ ನೆಕ್ಕೂದು ನಿಂತ ಮೇಲೆ ಹೆಚ್ಚಾಗ್ತದೆ, ಅಂದ್ರೆ ಇದಕ್ಕೂ ಮೂಲ ಮತ್ತೆ ಸೊಂಟ, ಹಲ್ಲು. ನಮ್ ಕೈಗೂ ತುರಿಕೆ ಬರಬಹುದು. ದುಂಡಗೆ ಬೋಳಾಗಿ ಅಂಚಲ್ಲಿ ಹಕ್ಕಳೆ ಇದ್ರೆ ಹುಳಕಡ್ಡಿ ಇರಬಹುದು, ಅದು ಮನೆ ಮಕ್ಕಳಿಗೂ ಅಂಟ್ತದೆ, ಮಳೆಗಾಲದಲ್ಲಿ ಜೋರು.

ಎಚ್ಚರ, ನಾಯಿ ಬೆಕ್ಕಿನ ಉಣ್ಣಿಗೆ ಹಾಕೂ ಫಿಪ್ರೊನಿಲ್ ಅನ್ನೂ ಔಷಧಿ ಮೊಲಕ್ಕೆ ವಿಷ. ಅಂಗಡಿಯವ್ರು ಎಲ್ಲಾ ಪ್ರಾಣಿಗೂ ಆಗ್ತದೆ ಅಂತ ಕೊಟ್ರೂ ಡಬ್ಬಿ ಮೇಲೆ ಈ ಹೆಸ್ರು ಇದ್ರೆ ವಾಪಸ್ ಕೊಡಿ. ಬೇವಿನೆಣ್ಣೆ, ಕರ್ಪೂರದ ಎಣ್ಣೆ ಸವರೂದೂ ಬೇಡ, ನೆಕ್ಕಿ ಎಲ್ಲಾ ಹೊಟ್ಟೆಗೇ ಹೋಗ್ತದೆ.

ಮನೆ ಹತ್ರ ಸುಬಾಬುಲ್ ಬೇಕಾದಷ್ಟಿದೆ, ಆಕಳಿಗೆ ಹಾಕ್ತೀವಿ, ಮೊಲಕ್ಕೂ ಹಾಕ್ಬಹುದಾ?

ಇದನ್ನ ಕೇಳಿದವ್ರು ನಿಜಕ್ಕೂ ಒಳ್ಳೇ ಪ್ರಶ್ನೆ ಕೇಳಿದ್ರು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಅಂತ ಒಂದು ಅಂಶ ಇದೆ, ಮೆಲುಕು ಹಾಕೂ ದನಕ್ಕೆ ಸ್ವಲ್ಪ ಮಟ್ಟಿಗೆ ಜೀರ್ಣ ಆಗ್ತದೆ, ಮೊಲ ಕುದುರೆ ಅಂಥವಕ್ಕೆ ಜಾಸ್ತಿ ಆದ್ರೆ ಕೂದ್ಲು ಉದುರ್ತದೆ. ದಿನಾ ಹಾಕ್ತಾ ಇದ್ರೆ ನಿಲ್ಲಿಸಿ.

ಮತ್ತೆ ಎಂತ ಹಾಕೂದು? ಪ್ಯಾಕೆಟ್ ಹುಲ್ಲು ತರ್ಸೂಕೆ ದುಡ್ಡು ಸುಮಾರಾಗ್ತದೆ.

ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಒಣಹುಲ್ಲೇ ಇರ್ಬೇಕು. ನಮ್ಮ ಬೇಣದ ಕರಡ, ಅಂದ್ರೆ ಹುಲ್ಲುಗಾವಲಿನ ಹುಲ್ಲು, ಚೆನ್ನಾಗಿ ಒಣಗಿ ಹಸಿರು ವಾಸನೆ ಇದ್ರೆ ಬೇರೆ ಎಂತದೂ ಬೇಡ. ಭತ್ತದ ಹುಲ್ಲು ನಾರಿಗೆ ಆಗ್ತದೆ, ಸತ್ವ ಕಮ್ಮಿ, ಮುದಿ ಮೊಲಕ್ಕೆ ಅದೊಂದೇ ಹಾಕಿದ್ರೆ ಬಡಕಲಾಗ್ತದೆ. ಹಸಿರಲ್ಲಿ ಗರಿಕೆ, ನೇಪಿಯರ್, ಕೊತ್ತಂಬರಿ, ಪುದೀನ, ದಾಸವಾಳದ ಎಲೆ ಹೂವು. ಹರಿವೆ ಬಸಳೆ ಪಾಲಕ್ ಎಲ್ಲ ಅಪರೂಪಕ್ಕೆ. ಕುದುರೆ ಮೆಂತೆ ತೀರಾ ಬಡಕಲಾದದ್ದಕ್ಕೆ ಡಾಕ್ಟ್ರು ಹೇಳಿದ್ರೆ ಮಾತ್ರ, ಅದ್ರಲ್ಲಿ ಸುಣ್ಣದ ಅಂಶ ಜಾಸ್ತಿ, ಮೊಲ ತಿಂದ ಸುಣ್ಣದಲ್ಲಿ ಮಿಕ್ಕಿದ್ದು ಹೆಚ್ಚಾಗಿ ಮೂತ್ರದಲ್ಲೇ ಹೋಗ್ಬೇಕು, ಮೂತ್ರಚೀಲದಲ್ಲಿ ಕೆಸರು ಕಟ್ತದೆ. ಬಿಸ್ಕಿಟ್, ದೋಸೆ ಚೂರು, ಅವಲಕ್ಕಿ ಬೇಡ. ಅಜ್ಜಿಯರಿಗೆ ಹೇಳಿ ಗೆಲ್ಲೂದು ಕಷ್ಟ, ನಮ್ಮನೇಲಿ ಈಗ್ಲೂ ಗೆದ್ದಿಲ್ಲ.

ಮಳೆಗಾಲ ನಾಲ್ಕು ತಿಂಗ್ಳು ಹುಲ್ಲಿಗೆ ಬೂಸು ಹಿಡಿಯೂದೇ ದೊಡ್ಡ ತಲೆನೋವು. ಬೂಸು ಹಿಡಿದದ್ದು ಸ್ವಲ್ಪನೂ ಹಾಕ್ಬೇಡಿ. ನಾವು ಅಡಿಕೆ ಒಣಗ್ಸೂ ಪ್ಲಾಸ್ಟಿಕ್ ಮಾಡಿನ ಡ್ರೈಯರಲ್ಲಿ ಒಂದು ಮೂಲೆಗೆ ಹುಲ್ಲು ಹರಡ್ತೀವಿ, ಅಡಿಕೆ ಚೂರು ಸೇರದ ಹಂಗೆ ನೋಡ್ಕೊಂಡು, ಆಮೇಲೆ ಅಟ್ಟಕ್ಕೆ. ನೀರಿನ ಬಾಟ್ಲಿಗಿಂತ ಭಾರದ ಬಟ್ಟಲು ಒಳ್ಳೇದು, ಕುತ್ತಿಗೆ ನೋವಿದ್ದ ಮೊಲ ಬಾಟ್ಲಿ ನೆಕ್ಕೂದು ಬಿಟ್ಬಿಡ್ತದೆ.

ಎದೆ ಕೂದ್ಲು ತಾನೇ ಕಿತ್ತು ಬಾಯಲ್ಲಿ ಕಚ್ಕೊಂಡು ಓಡಾಡ್ತದೆ.

ಹೆಣ್ಣಾ ನೋಡಿ. ಗರ್ಭ ಇಲ್ದೆನೇ ಗೂಡು ಕಟ್ಟೂ ಆಸೆ ಬರೂದು, 16-18 ದಿನದಲ್ಲಿ ಮುಗೀತದೆ. ಆದ್ರೆ ವಯಸ್ಸಾದ ಹೆಣ್ಣು ಮೊಲದಲ್ಲಿ ಇದು ಮತ್ತೆ ಮತ್ತೆ ಆದ್ರೆ ಗರ್ಭಕೋಶ ತೋರ್ಸಿ. ಆಪರೇಶನ್ ಆಗದ ಹೆಣ್ಣಿಗೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಬರ್ತದೆ. ಮೂತ್ರದಲ್ಲಿ ರಕ್ತ ಕಂಡ್ರೆ ಅದೇ ದಿನ ಹೋಗಿ. ಮೂತ್ರ ಬರೀ ಕೆಂಪು ಕಿತ್ತಳೆ ಬಣ್ಣ ಇದ್ರೆ ಸೊಪ್ಪಿನ ಬಣ್ಣವೂ ಆಗಿರ್ಬಹುದು, ಪೂರ್ತಿ ಒಂದೇ ಬಣ್ಣ ಇದ್ರೆ ಹೆಚ್ಚಾಗಿ ಬಣ್ಣ, ಗೆರೆ ಗೆರೆ ಚುಕ್ಕೆ ಚುಕ್ಕೆ ಇದ್ರೆ ರಕ್ತ. ಸಂಶಯ ಇದ್ರೆ ಪರೀಕ್ಷೆ ಮಾಡಿಸೂದೇ ಸಮ.

ಬೇರೆ ಎಂತೆಂತ ಗಮನಿಸ್ಬೇಕು?

ತೂಕ. ವಾರಕ್ಕೊಂದ್ಸಲ, ಅದೇ ತಕ್ಕಡಿ, ಕ್ಯಾಲೆಂಡರ್ ಮೇಲೆ ಬರ್ದಿಡಿ. ಕೂದ್ಲು ತುಂಬಿದ ಪ್ರಾಣಿ ಬಡವಾದದ್ದು ಕಣ್ಣಿಗೆ ಕಾಣೂದಿಲ್ಲ, ಬೆನ್ನೆಲುಬು ಕೈಗೆ ಸಿಗೂ ಹೊತ್ತಿಗೆ ತಡ ಆಗಿರ್ತದೆ. ನೀರು ಇದ್ದಕ್ಕಿದ್ದಂತೆ ಜಾಸ್ತಿ ಕುಡಿಯೂದು, ಮೂತ್ರ ಜಾಸ್ತಿ, ಕಿಡ್ನಿ ನೋಡ್ಬೇಕು. ತಲೆ ಒಂದು ಬದಿ ವಾಲೂದು, ಹಿಂಗಾಲು ಎಳೆಯೂದು, ಲಕ್ವ ಅಂತ ಕೈ ಬಿಡ್ಬೇಡಿ, ಕಿವಿ ಸೋಂಕು ಅಥವಾ ಒಂದು ಪರಾವಲಂಬಿ ಕಾಯಿಲೆ ಇರಬಹುದು, ಎರಡಕ್ಕೂ ಔಷಧಿ ಇದೆ. ಗಂಟು ನೋವಿದ್ದದ್ದಕ್ಕೆ ಟೈಲ್ಸು, ರೆಡ್ ಆಕ್ಸೈಡ್ ನೆಲ ಜಾರ್ತದೆ, ಹಳೇ ಕೌದಿ ಹಾಸಿ. ಟ್ರೇ ಅಂಚು ತಗ್ಗಿಸಿ, ಹೊರಗೆ ಮೂತ್ರ ಮಾಡೂದು ಹಠಕ್ಕಲ್ಲ, ಹತ್ತೂಕೆ ಆಗ್ದೆ.

ಕಾರವಾರದ ಸೆಖೆಗೆ ಎಂತ ಮಾಡೂದು? ಕೂದ್ಲು ಬೋಳಿಸಿದ್ರೆ ತಂಪಾಗ್ತದಾ?

ಬೋಳಿಸ್ಬೇಡಿ. ಮೊಲ ಬೆವರೂದಿಲ್ಲ, ಶಾಖ ಹೊರಗೆ ಹಾಕೂದು ಮುಖ್ಯವಾಗಿ ಕಿವಿಯಿಂದ. 28-30 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ ಶುರು, ಕರಾವಳಿ ಏಪ್ರಿಲ್ ಮೇ ತಿಂಗ್ಳಲ್ಲಿ ಆ ತೇವದ ಗಾಳಿಲಿ ಇನ್ನೂ ಕಷ್ಟ. ಕಿವಿಗೆ ಒದ್ದೆ ಕೈ ಸವರಿ, ಬಾಟ್ಲಿಲಿ ನೀರು ಮಂಜು ಮಾಡಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ, ತಣ್ಣನೆ ಹಂಚು ಇಟ್ರೂ ಅದ್ರ ಮೇಲೆ ಹೊಟ್ಟೆ ಹಾಕಿ ಮಲಗ್ತದೆ. ಬಾಯಿ ತೆರೆದು ಉಸಿರಾಡ್ತಾ ಇದ್ರೆ ಪ್ರಾಣಾಪಾಯ. ಸತ್ತ ಕೂದ್ಲು ಬಾಚಿ ತೆಗೆದ್ರೇ ಅರ್ಧ ಸೆಖೆ ಕಮ್ಮಿ.

ಮಳೆಗಾಲದಲ್ಲಿ?

ನೊಣ. ಹಿಂಭಾಗ ಒದ್ದೆ, ಗಲೀಜು ಇದ್ದ ಮೊಲಕ್ಕೆ ನೊಣ ಮೊಟ್ಟೆ ಇಟ್ರೆ ಒಂದು ದಿನದೊಳಗೇ ಹುಳ ಬಿದ್ದು ಚರ್ಮ ತಿನ್ನೂಕೆ ಶುರು ಮಾಡ್ತದೆ. ಜೂನಿಂದ ಸಪ್ಟೆಂಬರ್ ತನಕ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಬಾಲ ಎತ್ತಿ ನೋಡಿ. ದಿನಕ್ಕೆ ಎರಡು ಸಲ ಅಂದ್ರೆ ಎರಡೇ ಸಲ, ಮರ್ತೆ ಅನ್ನೂದು ಬೇಡ.

ಡಾಕ್ಟ್ರು ಸಿಗ್ತಾರಾ?

ನಮ್ಮ ಜಿಲ್ಲೆಲಿ ಪಶು ಆಸ್ಪತ್ರೆಗೆ ಬರೂದು ಹೆಚ್ಚಾಗಿ ದನ ಎಮ್ಮೆ, ಮೊಲ ತಗೊಂಡು ಹೋದ್ರೆ ಕೆಲವ್ರಿಗೆ ನಗು. ಆದ್ರೆ ಪ್ರೀತಿಯಿಂದ ನೋಡ್ದವ್ರೂ ಇದಾರೆ. ಶಿರಸಿಯಿಂದ ಶಿವಮೊಗ್ಗದ ಪಶುವೈದ್ಯ ಕಾಲೇಜಿಗೂ ಹೋಗಬಹುದು, ಕಾರವಾರದವ್ರಿಗೆ ಗೋವಾ ಹತ್ರ. ಹೋಗೂದಾದ್ರೆ ನಸುಕಿಗೇ ಹೊರಡಿ, ಬುಟ್ಟಿಲಿ ಹುಲ್ಲು ಹಾಕಿ, ಘಟ್ಟದ ತಿರುವಲ್ಲಿ ಜಾರದ ಹಂಗೆ ಟವೆಲ್ ತುರುಕಿ. ಆಪರೇಶನ್ ಇದ್ರೂ ಮೊಲನ ಉಪವಾಸ ಕೆಡವ್ಬೇಡಿ, ವಾಂತಿ ಮಾಡದ ಪ್ರಾಣಿಗೆ ಉಪವಾಸ ಬೇಡ.

ಔಷಧಿ ಬರೆದ್ರೆ ಒಂದು ಮಾತು ವಿನಯವಾಗಿ ಕೇಳಿ: ಬಾಯಿಗೆ ಕೊಡೂ ಅಮಾಕ್ಸಿಸಿಲಿನ್, ಪೆನ್ಸಿಲಿನ್ ಜಾತಿದಾ, ಕ್ಲಿಂಡಾಮೈಸಿನ್ ಲಿಂಕೋಮೈಸಿನ್ನಾ? ಇವು ಮೊಲದ ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಕೊಂದು ಮೊಲವನ್ನೇ ಕೊಲ್ತವೆ. ನಮಗೆ ಒಂದ್ಸಲ ಒಬ್ರು ಮಕ್ಕಳ ಸಿರಪ್ಪೇ ಬರೆದು ಕೊಟ್ಟಿದ್ರು, ಮನೆಗೆ ಬಂದು ಹೆಸ್ರು ಓದಿದ್ದಕ್ಕೆ ಗುಂಡ ಉಳೀತು.

ಜಾತ್ರೆ, ದೀಪಾವಳಿ ಪಟಾಕಿ?

ಒಳಕೋಣೆ, ಕಿಟಕಿ ಹಾಕಿ, ಮೇಲೆ ಕೌದಿ ಹೊದ್ಸಿದ ಪೆಟ್ಟಿಗೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಂದ್ಸಲ, ದೀಪಾವಳಿ ವರ್ಷಾ ವರ್ಷಾ. ಮರುದಿನ ಹಿಕ್ಕೆ ಎಣಿಸಿ.

ಕಾಡುಮೊಲದ ಮರಿ ತೋಟದಲ್ಲಿ ಸಿಕ್ತು, ಜೊತೆಗೆ ಬಿಡ್ಲಾ?

ಬೇಡ. ಅದು ಬೇರೇ ಪ್ರಾಣಿ, ಸಾಕೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸಿಕ್ಕ ಜಾಗದಲ್ಲೇ ಬಿಡಿ, ತಾಯಿ ಸಂಜೆ ಬರ್ತದೆ.

ಬಾಚಿದ ಕೂದ್ಲು ಇಷ್ಟು ರಾಶಿ ಆಗಿದೆ, ಎಂತ ಮಾಡೂದು?

ಗೊಬ್ಬರಗುಂಡಿಗೆ ಹಾಕಿ, ನಿಧಾನಕ್ಕೆ ಕೊಳೀತದೆ, ಸಾರಜನಕ ಇರ್ತದೆ. ನಾವು ದಾಸವಾಳದ ಬುಡಕ್ಕೆ ಹಾಕ್ತೀವಿ, ಆ ಎಲೆನ ಮತ್ತೆ ಗುಂಡನೇ ತಿಂತದೆ. ಬೇಲಿ ಮೇಲೆ ಇಟ್ರೆ ಪಿಕಳಾರ ಬಂದು ಗೂಡಿಗೆ ಒಯ್ತದೆ, ಆದ್ರೆ ಹುಳದ ಔಷಧಿ ಹಾಕಿದ ತಿಂಗ್ಳಲ್ಲಿ ಮಾತ್ರ ಹೊರಗೆ ಇಡ್ಬೇಡಿ, ಮರಿಗಳು ಅದ್ರ ಮೇಲೇ ಮಲಗೂದು.